ಹತ್ತು ಮನೆಗೆ 45 ದಾರ: ಊರಿಗೆ ಫೋನು ತಡವಾಗಿ ಬಂದ ಲೆಕ್ಕ

ಮನೆಯ ಟ್ರಂಕಿನಲ್ಲಿ ಮೂವತ್ತು ವರ್ಷ ಹಳೆಯ ಮದುವೆ ಕರೆಯೋಲೆ ಇದ್ದರೆ ಒಮ್ಮೆ ತೆಗೆದು ನೋಡಿ. ಕೆಳಗಡೆ ಸಣ್ಣ ಅಕ್ಷರದಲ್ಲಿ ಒಂದು ಫೋನ್ ನಂಬರ್ ಇರಬಹುದು. ಅದರ ಜೊತೆಗೆ ‘ಪಿ.ಪಿ.’ ಎಂದು ಬರೆದಿರುತ್ತದೆ. ಫೋನು ನಮ್ಮದಲ್ಲ, ಪಕ್ಕದ ಮನೆಯದೋ ಕಿರಾಣಿ ಅಂಗಡಿಯದೋ, ಫೋನ್ ಮಾಡಿದರೆ ನಮ್ಮನ್ನು ಕರೆದು ಕೊಡುತ್ತಾರೆ ಎಂದು ಅದರ ಅರ್ಥ.

ನಮ್ಮ ತಂಡದಲ್ಲಿ ಹೆಚ್ಚಿನವರು ಇಂಥ ಪಿ.ಪಿ. ನಂಬರಿನ ಮನೆಗಳಲ್ಲೇ ಬೆಳೆದವರು. ಅಂಗಡಿಯ ಹುಡುಗ ಓಡಿ ಬಂದು ಬಾಗಿಲಲ್ಲಿ ನಿಂತು ‘ನಿಮಗೆ ಫೋನ್ ಬಂದೈತೆ’ ಎಂದರೆ ಮನೆಯವರ ಎದೆ ಧಸಕ್ ಎನ್ನುತ್ತಿತ್ತು. ಹುಟ್ಟು, ಸಾವು, ಆಸ್ಪತ್ರೆ, ಇವಿಷ್ಟಕ್ಕೇ ಫೋನು. ಮಾತಾಡುವಾಗ ಅಂಗಡಿಯಲ್ಲಿದ್ದವರಿಗೆಲ್ಲ ನಮ್ಮ ಮನೆಯ ಸುದ್ದಿ ಗೊತ್ತಾಗುತ್ತಿತ್ತು.

ಪಟ್ಟಣದಲ್ಲಿ ಬೀದಿಗೆ ಹತ್ತಾರು ಫೋನು ಇದ್ದಾಗ ಹಳ್ಳಿಯಲ್ಲಿ ಊರಿಗೊಂದೂ ಇರಲಿಲ್ಲ ಯಾಕೆ? ಬಡತನ, ಸರ್ಕಾರದ ಅಲಕ್ಷ್ಯ ಎಂದು ಸಿಟ್ಟಿನಿಂದ ಹೇಳಿಬಿಡಬಹುದು. ಅದು ಅರ್ಧ ನಿಜ. ಇನ್ನರ್ಧ ಒಂದು ಲೆಕ್ಕದಲ್ಲಿದೆ. ಆ ಲೆಕ್ಕಕ್ಕೆ ನೂರೈವತ್ತು ವರ್ಷದ ಚರಿತ್ರೆ ಇದೆ. ಅದಕ್ಕೆ ಕೊಟ್ಟ ಒಂದು ಒಳ್ಳೆಯ ಉತ್ತರ ನಮ್ಮ ಕಿತ್ತೂರಿನಲ್ಲಿ ಕೆಲಸಕ್ಕೆ ಬಂತು.

ಬೆಂಕಿಪೊಟ್ಟಣದ ಫೋನು

ಚಿಕ್ಕವರಿದ್ದಾಗ ಎರಡು ಬೆಂಕಿಪೊಟ್ಟಣಕ್ಕೆ ದಾರ ಕಟ್ಟಿ ಫೋನ್ ಆಟ ಆಡದವರು ಯಾರು? ಇಬ್ಬರಿಗೆ ಒಂದು ದಾರ ಸಾಕು. ಮೂರನೆಯವ ಬಂದ ಎನ್ನಿ. ಅವನಿಗೆ ಇಬ್ಬರ ಜೊತೆಯೂ ಮಾತಾಡಬೇಕು, ಹಾಗಾಗಿ ದಾರ ಮೂರಾಯಿತು. ನಾಲ್ಕು ಜನಕ್ಕೆ ಆರು. ಹತ್ತು ಮನೆಗೆ 45. ನೂರು ಮನೆಗೆ 4,950. ಐನೂರು ಮನೆಯ ಊರಿಗೆ 1,24,750.

ಮನೆಗಳು ಎರಡು ಪಟ್ಟಾದರೆ ದಾರಗಳು ಹೆಚ್ಚುಕಮ್ಮಿ ನಾಲ್ಕು ಪಟ್ಟಾಗುತ್ತವೆ. ಐನೂರು ಮನೆ ಇರುವ ಕಡೆ ಇನ್ನೊಂದು ಮನೆ ಸೇರಬೇಕಾದರೆ ಒಂದಲ್ಲ, ಐನೂರು ಹೊಸ ದಾರ ಬೇಕು. ಮೊದಲು ಬಂದವರಿಗೆ ಸುಲಭ, ಕಡೆಗೆ ಬಂದವರಿಗೆ ದುಬಾರಿ. ಹಳ್ಳಿಗಳು ಯಾವಾಗಲೂ ಕಡೆಗೇ ಬರುತ್ತವೆ ಎಂಬುದನ್ನು ಇಲ್ಲೇ ನೆನಪಿಟ್ಟುಕೊಳ್ಳಿ.

1876ರಲ್ಲಿ ಅಲೆಕ್ಸಾಂಡರ್ ಗ್ರಹಾಂ ಬೆಲ್ ಟೆಲಿಫೋನಿಗೆ ಪೇಟೆಂಟ್ ಪಡೆದ. ಶುರುವಿನಲ್ಲಿ ಫೋನುಗಳನ್ನು ಜೋಡಿಯಾಗಿಯೇ ಕೊಡುತ್ತಿದ್ದರು. ಒಂದು ಮನೆಗೆ, ಒಂದು ಅಂಗಡಿಗೆ, ನಡುವೆ ತಂತಿ. ನಮ್ಮ ಬೆಂಕಿಪೊಟ್ಟಣದ ಆಟವೇ ಅದು.

ಎಲ್ಲರಿಗೂ ಒಂದೇ ತಂತಿ

ಈ ಲೆಕ್ಕ ತಪ್ಪಿಸಿಕೊಳ್ಳಲು ಒಂದು ಸುಲಭದ ದಾರಿ ಇತ್ತು. ಒಂದೇ ತಂತಿ ಎಳೆದು ಎಲ್ಲರ ಫೋನನ್ನೂ ಅದಕ್ಕೇ ಸೇರಿಸುವುದು. ಅಮೆರಿಕದ ರೈತರು ಮಾಡಿದ್ದು ಇದನ್ನೇ. 1893–94ರಲ್ಲಿ ಬೆಲ್‌ನ ಮುಖ್ಯ ಪೇಟೆಂಟ್‌ಗಳ ಅವಧಿ ಮುಗಿಯಿತು. ದೊಡ್ಡ ಕಂಪನಿಗಳಿಗೆ ಹಳ್ಳಿಗಾಡಿನ ಮೇಲೆ ಆಸಕ್ತಿ ಇರಲಿಲ್ಲ. ರೈತರೇ ಸೇರಿ ಲೈನು ಹಾಕಿಕೊಂಡರು. ಕೆಲವು ಕಡೆ ಬೇರೆ ತಂತಿಯನ್ನೂ ತರಲಿಲ್ಲ, ಹೊಲದ ಬೇಲಿಯ ಮುಳ್ಳುತಂತಿಯಲ್ಲೇ ಮಾತು ಹರಿಸಿದರು.

ಯಾರಿಗೆ ಫೋನ್ ಎಂದು ಗೊತ್ತಾಗಲು ಗಂಟೆಯ ಗುರುತು ಇತ್ತು. ಎರಡು ಉದ್ದ ಒಂದು ಗಿಡ್ಡ ಬಾರಿಸಿದರೆ ಒಬ್ಬರಿಗೆ, ಮೂರು ಗಿಡ್ಡ ಬಾರಿಸಿದರೆ ಇನ್ನೊಬ್ಬರಿಗೆ. ಆದರೆ ಗಂಟೆ ಎಲ್ಲರ ಮನೆಯಲ್ಲೂ ಬಾರಿಸುತ್ತಿತ್ತು. ಕುತೂಹಲ ತಡೆಯದವರು ಮೆಲ್ಲಗೆ ರಿಸೀವರ್ ಎತ್ತಿ ಕೇಳುತ್ತಿದ್ದರು. ಹೀಗೆ ಕೇಳುವವರು ಹೆಚ್ಚಿದಷ್ಟೂ ದನಿ ಕುಗ್ಗುತ್ತಿತ್ತು.

ತಂತಿ ಉಳಿಯಿತು, ಗುಟ್ಟು ಉಳಿಯಲಿಲ್ಲ. ಇನ್ನೂ ದೊಡ್ಡ ತೊಂದರೆ ಎಂದರೆ ಒಂದು ಹೊತ್ತಿಗೆ ಒಂದೇ ಮಾತುಕತೆ. ನಾಲ್ಕು ಮನೆಗೆ ಅಡ್ಡಿಯಿಲ್ಲ. ಇಪ್ಪತ್ತು ಮನೆಯಾದರೆ ಕಾಯುವುದೇ ಕೆಲಸ.

ನಡುವೆ ಕುಳಿತ ಒಬ್ಬರು

ಅಷ್ಟರಲ್ಲೇ ಪಟ್ಟಣಗಳಲ್ಲಿ ಬೇರೆ ದಾರಿ ಹುಟ್ಟಿತ್ತು. 1878ರ ಜನವರಿ 28ರಂದು ಅಮೆರಿಕದ ನ್ಯೂ ಹೇವನ್ ಪಟ್ಟಣದಲ್ಲಿ ಜಾರ್ಜ್ ಕೋಯ್ ಎಂಬಾತ ಒಂದು ಸ್ವಿಚ್‌ಬೋರ್ಡ್ ತೆರೆದ. ಚಂದಾದಾರರು 21. ಎಲ್ಲರ ತಂತಿಯೂ ಅವನ ಹಲಗೆಗೆ ಬಂದು ಸೇರುತ್ತಿತ್ತು. ನಿಮಗೆ ಯಾರು ಬೇಕೋ ಅವನಿಗೆ ಹೇಳಿದರೆ, ಆ ಎರಡು ತಂತಿಗಳನ್ನು ಅಲ್ಲೇ ಜೋಡಿಸುತ್ತಿದ್ದ.

21 ಚಂದಾದಾರರಿಗೆ ದಾರದ ಲೆಕ್ಕದಲ್ಲಿ 210 ತಂತಿ ಬೇಕಿತ್ತು. ಈಗ ಪ್ರತಿಯೊಬ್ಬರ ತಂತಿ ಎಕ್ಸ್‌ಚೇಂಜ್ ಮುಟ್ಟಿದರೆ ಸಾಕು. ಬೆಲೆಯಾಗಿ ಕೊಟ್ಟಿದ್ದೇನೆಂದರೆ, ಒಂದೇ ಹೊತ್ತಿಗೆ ಎರಡು ಮಾತುಕತೆ ಮಾತ್ರ ನಡೆಸಬಹುದಿತ್ತು.

ಮೊದಲು ಆಪರೇಟರ್ ಕೆಲಸಕ್ಕೆ ಹುಡುಗರನ್ನು ಇಟ್ಟಿದ್ದರು. ಅವರು ಗ್ರಾಹಕರ ಜೊತೆ ಒರಟಾಗಿ ನಡೆದುಕೊಳ್ಳುತ್ತಿದ್ದರು ಎಂಬ ದೂರು ಬಂತು. 1878ರ ಸೆಪ್ಟೆಂಬರಿನಲ್ಲಿ ಬಾಸ್ಟನ್‌ನಲ್ಲಿ ಎಮ್ಮಾ ನಟ್ ಎಂಬ ಮಹಿಳೆ ಸೇರಿಕೊಂಡರು. ಮುಂದೆ ಆ ಕುರ್ಚಿ ಹೆಚ್ಚಾಗಿ ಹೆಂಗಸರದ್ದೇ ಆಯಿತು.

ನಮ್ಮ ದೇಶಕ್ಕೂ ಇದು ಬೇಗ ಬಂತು. 1882ರ ಜನವರಿಯಲ್ಲಿ ಕಲ್ಕತ್ತಾ, ಮುಂಬಯಿ, ಮದ್ರಾಸಿನಲ್ಲಿ ಎಕ್ಸ್‌ಚೇಂಜ್ ಶುರುವಾದವು. ಕಲ್ಕತ್ತಾದಲ್ಲಿ 93 ಚಂದಾದಾರರಿದ್ದರು.

ಪಟ್ಟಣ ಬೆಳೆದಂತೆ ಹಳೆಯ ಲೆಕ್ಕ ಹಿತ್ತಲ ಬಾಗಿಲಿನಿಂದ ಮತ್ತೆ ಬಂತು. ಒಬ್ಬ ಆಪರೇಟರಿನ ಕೈಗೆ ಎಟುಕುವ ಹಲಗೆ ಎಷ್ಟಗಲ? ಚಂದಾದಾರರು ಸಾವಿರ ದಾಟಿದ ಮೇಲೆ ಹತ್ತಾರು ಆಪರೇಟರ್‌ಗಳು ಬೇಕು. ಪ್ರತಿ ಆಪರೇಟರ್ ಗುಂಪಿನ ಮುಂದೆಯೂ ಅಷ್ಟೂ ಚಂದಾದಾರರ ತೂತುಗಳಿರಬೇಕು, ಇಲ್ಲದಿದ್ದರೆ ಜೋಡಿಸುವುದು ಹೇಗೆ? ಜನ ಎರಡು ಪಟ್ಟಾದರೆ ಹಲಗೆಗಳೂ ಎರಡು ಪಟ್ಟು, ಪ್ರತಿ ಹಲಗೆಯ ತೂತುಗಳೂ ಎರಡು ಪಟ್ಟು. ಮತ್ತೆ ನಾಲ್ಕು ಪಟ್ಟು ಖರ್ಚು!

ಎಷ್ಟು ಲೈನು ಸಾಕು?

ಇಲ್ಲಿ ಡೆನ್ಮಾರ್ಕಿನ ಒಬ್ಬ ಗಣಿತದವನು ಬರುತ್ತಾನೆ. ಹೆಸರು ಎ.ಕೆ. ಎರ್ಲಾಂಗ್. ಕೋಪನ್‌ಹೇಗನ್ನಿನ ಟೆಲಿಫೋನ್ ಕಂಪನಿಯಲ್ಲಿ ಕೆಲಸ. ಅವನು ಕೇಳಿದ ಪ್ರಶ್ನೆ ಸರಳ: ಎಲ್ಲರೂ ಒಂದೇ ಹೊತ್ತಿಗೆ ಮಾತಾಡುವುದಿಲ್ಲ, ಹಾಗಿದ್ದ ಮೇಲೆ ಎಷ್ಟು ಲೈನು ಇಟ್ಟರೆ ಸಾಕು? 1909ರಿಂದ ಅವನು ಬರೆದ ಲೇಖನಗಳ ಸೂತ್ರಗಳನ್ನು ಇವತ್ತಿಗೂ ಬಳಸುತ್ತಾರೆ.

ನಮ್ಮ ಊರಿಗೇ ಅನ್ವಯಿಸಿ ನೋಡೋಣ. ಊರಿನಲ್ಲಿ ನೂರು ಫೋನು ಇವೆ ಎಂದುಕೊಳ್ಳಿ. ಜನ ಹೆಚ್ಚು ಮಾತಾಡುವ ಗಂಟೆಯಲ್ಲಿ ಪ್ರತಿ ಫೋನಿನಿಂದ ತಾಲ್ಲೂಕಿನ ಕಡೆಗೆ ಮೂರು ನಿಮಿಷ ಮಾತು. ಒಟ್ಟು 300 ನಿಮಿಷ. ಅಂದರೆ ಯಾವ ಹೊತ್ತಿಗೆ ನೋಡಿದರೂ ಸರಾಸರಿ ಐದು ಮಾತುಕತೆ ನಡೆದಿರುತ್ತವೆ. ಹಾಗಂತ ಐದೇ ಲೈನು ಹಾಕಿದರೆ ಆಗದು, ಕೆಲವು ಸಲ ಎಂಟು ಹತ್ತು ಜನ ಒಟ್ಟಿಗೆ ಎತ್ತುತ್ತಾರೆ. ನೂರು ಕರೆಗಳಲ್ಲಿ ಒಂದಕ್ಕಿಂತ ಹೆಚ್ಚು ‘ಎಂಗೇಜ್’ ಆಗಬಾರದು ಎಂದರೆ ಎರ್ಲಾಂಗ್ ಸೂತ್ರದ ಪ್ರಕಾರ 11 ಲೈನು ಬೇಕು.

ಸಾವಿರ ಫೋನಿನ ಪಟ್ಟಣಕ್ಕೆ ಎಷ್ಟು? ಹತ್ತು ಪಟ್ಟು, 110 ಎನ್ನುತ್ತೀರಾ? ಅಲ್ಲ. 64 ಸಾಕು.

ಇದು ನಮ್ಮನ್ನು ತುಂಬ ಹೊತ್ತು ಯೋಚನೆಗೆ ಹಚ್ಚಿದ ಸಂಗತಿ. ಜನ ಹೆಚ್ಚಿದ್ದ ಕಡೆ ಒಬ್ಬರ ಬಿಡುವು ಇನ್ನೊಬ್ಬರಿಗೆ ಒದಗುತ್ತದೆ. ಪಟ್ಟಣದಲ್ಲಿ ನೂರು ಫೋನಿಗೆ ಆರೂವರೆ ಲೈನು, ಹಳ್ಳಿಯಲ್ಲಿ ನೂರು ಫೋನಿಗೆ 11. ಹಳ್ಳಿಯ ಲೈನು ತಾಲ್ಲೂಕಿನವರೆಗೆ ಮೈಲಿಗಟ್ಟಲೆ ಕಂಬಗಳ ಮೇಲೆ ಬರಬೇಕು ಬೇರೆ. ಯಾರ ಕೆಟ್ಟತನವೂ ಬೇಕಿಲ್ಲ, ಲೆಕ್ಕವನ್ನು ಅದರ ಪಾಡಿಗೆ ಬಿಟ್ಟರೆ ಸಾಕು, ಅದು ಪಟ್ಟಣದ ಕಡೆಗೇ ವಾಲುತ್ತದೆ.

ಹಾಸು ಹೊಕ್ಕು

ಈ ನಡುವೆ ಆಪರೇಟರಿನ ಜಾಗಕ್ಕೆ ಯಂತ್ರ ಬಂತು. ಆಲ್ಮನ್ ಸ್ಟ್ರೋಜರ್ ಎಂಬಾತ ಅಮೆರಿಕದ ಕಾನ್ಸಾಸ್ ಸಿಟಿಯಲ್ಲಿ ಶವಸಂಸ್ಕಾರದ ಏರ್ಪಾಟು ಮಾಡುವ ಕಸುಬಿನವ. ತನಗೆ ಬರಬೇಕಾದ ಕರೆಗಳನ್ನು ಆಪರೇಟರ್ ತನ್ನ ಪೈಪೋಟಿಗಾರನಿಗೆ ತಿರುಗಿಸುತ್ತಿದ್ದಾಳೆ ಎಂಬ ಅನುಮಾನ ಅವನನ್ನು ಕಾಡಿತು ಎಂಬ ಕತೆ ಇದೆ. ಮನುಷ್ಯರೇ ಇಲ್ಲದ ಸ್ವಿಚ್ಚಿಗೆ 1891ರಲ್ಲಿ ಪೇಟೆಂಟ್ ಪಡೆದ. 1892ರಲ್ಲಿ ಲಾ ಪೋರ್ಟ್ ಎಂಬ ಊರಿನಲ್ಲಿ ಅದು ಕೆಲಸಕ್ಕೆ ನಿಂತಿತು. ನಮ್ಮಲ್ಲಿ ಇಂಥ ಸ್ವಯಂಚಾಲಿತ ಎಕ್ಸ್‌ಚೇಂಜ್ ಮೊದಲು ಬಂದದ್ದು 1913–14ರಲ್ಲಿ, ಬ್ರಿಟಿಷರ ಬೇಸಿಗೆ ರಾಜಧಾನಿ ಸಿಮ್ಲಾಕ್ಕೆ. ಸ್ವಾತಂತ್ರ್ಯ ಬಂದ ಮೇಲೆ, 1948ರಲ್ಲಿ, ಬೆಂಗಳೂರಿನಲ್ಲಿ ಐಟಿಐ ಕಾರ್ಖಾನೆ ಶುರುವಾಯಿತು. ಅಲ್ಲಿ ಫೋನುಗಳ ಜೊತೆಗೆ ಸ್ಟ್ರೋಜರ್ ಎಕ್ಸ್‌ಚೇಂಜ್‌ಗಳೂ ತಯಾರಾದವು. ಆ ಬಡಾವಣೆಗೆ ಇಂದಿಗೂ ದೂರವಾಣಿನಗರ ಎಂದೇ ಹೆಸರು.

ಆಮೇಲೆ ಬಂದದ್ದು ಕ್ರಾಸ್‌ಬಾರ್. ನೇಕಾರರ ಮನೆಯವರಿಗೆ ಇದನ್ನು ವಿವರಿಸಬೇಕಾಗಿಯೇ ಇಲ್ಲ. ಮಗ್ಗದ ಹಾಸಿನ ಹಾಗೆ ಉದ್ದಕ್ಕೆ ಕೆಲವು ತಂತಿ, ಹೊಕ್ಕಿನ ಹಾಗೆ ಅಡ್ಡಕ್ಕೆ ಕೆಲವು ತಂತಿ. ಉದ್ದದ್ದು ಮಾತಾಡುವವರದು, ಅಡ್ಡದ್ದು ಕೇಳುವವರದು. ಎರಡೂ ದಾಟುವ ಕಡೆ ಒಂದು ಗಂಟು. ಯಾವ ಗಂಟು ಬಿಗಿದರೆ ಆ ಇಬ್ಬರ ನಡುವೆ ಮಾತು. ಇಂಜಿನಿಯರ್‌ಗಳು ಮ್ಯಾಟ್ರಿಕ್ಸ್ ಎನ್ನುವುದು ಇದನ್ನೇ.

ಹತ್ತು ಉದ್ದ, ಹತ್ತು ಅಡ್ಡ ಇದ್ದರೆ ನೂರು ಗಂಟು. ನೂರಕ್ಕೆ ಹತ್ತು ಸಾವಿರ. ಸಾವಿರಕ್ಕೆ ಹತ್ತು ಲಕ್ಷ. ಬೀದಿಯಲ್ಲಿದ್ದ ದಾರಗಳೆಲ್ಲ ಪೆಟ್ಟಿಗೆಯೊಳಗೆ ಹೊಕ್ಕು ಗಂಟುಗಳಾದವು, ಅಷ್ಟೇ. ಒಂದೊಂದು ಗಂಟಿಗೂ ಲೋಹ ಬೇಕು, ದುಡ್ಡು ಬೇಕು.

ಹನ್ನೊಂದನೆಯ ಬಸ್‌ಸ್ಟ್ಯಾಂಡ್

1953ರಲ್ಲಿ ಬೆಲ್ ಸಂಶೋಧನಾಲಯದ ಚಾರ್ಲ್ಸ್ ಕ್ಲೋಸ್ ಈ ಗಂಟಿಗೆ ಒಂದು ಉಪಾಯ ಬರೆದ. ಅದನ್ನು ನಮ್ಮ ಬಸ್ಸಿನ ಲೆಕ್ಕದಲ್ಲಿ ಹೇಳುತ್ತೇವೆ.

ಎಲ್ಲ ಹಳ್ಳಿಯಿಂದ ಎಲ್ಲ ಹಳ್ಳಿಗೂ ನೇರ ಬಸ್ಸು ಬಿಡಲು ಆಗುತ್ತದೆಯೇ? ಇಲ್ಲ. ನಾವು ನಡುವಿನ ಒಂದು ಬಸ್‌ಸ್ಟ್ಯಾಂಡಿಗೆ ಹೋಗಿ ಬಸ್ಸು ಬದಲಿಸುತ್ತೇವೆ. ಕ್ಲೋಸ್ ಹಾಗೆಯೇ ಒಂದು ದೊಡ್ಡ ಹಾಸುಹೊಕ್ಕಿನ ಬದಲು ಚಿಕ್ಕ ಚಿಕ್ಕವನ್ನು ಮೂರು ಸಾಲಿನಲ್ಲಿ ಇಟ್ಟ. 36 ಜನರನ್ನು ಆರಾರು ಜನರ ಆರು ಗುಂಪು ಮಾಡಿ. ನಡುವೆ ಕೆಲವು ‘ಬಸ್‌ಸ್ಟ್ಯಾಂಡ್’ ಇಡಿ. ಪ್ರತಿ ಗುಂಪಿನಿಂದ ಪ್ರತಿ ಸ್ಟ್ಯಾಂಡಿಗೆ ಒಂದೊಂದೇ ದಾರಿ.

ನಡುವೆ ಎಷ್ಟು ಸ್ಟ್ಯಾಂಡ್ ಇದ್ದರೆ ಯಾರಿಗೂ ‘ದಾರಿ ಇಲ್ಲ’ ಎನ್ನಬೇಕಾಗುವುದಿಲ್ಲ? ತೀರಾ ಕೆಟ್ಟ ಹೊತ್ತನ್ನು ಯೋಚಿಸಿ. ನನ್ನ ಗುಂಪಿನ ಉಳಿದ ಐವರು ಐದು ಸ್ಟ್ಯಾಂಡಿನ ದಾರಿ ಹಿಡಿದಿದ್ದಾರೆ. ನಾನು ಮಾತಾಡಬೇಕಾದವನ ಗುಂಪಿನ ಐವರು ಬೇರೆ ಐದನ್ನು ಹಿಡಿದಿದ್ದಾರೆ. ಹತ್ತು ಹೋಯಿತು. ಹನ್ನೊಂದನೆಯದು ಇದ್ದರೆ ಅದು ನಮ್ಮಿಬ್ಬರಿಗೂ ಖಾಲಿ ಇರಲೇಬೇಕು. ಹಾಗಾಗಿ 11 ಸಾಕು.

ಈಗ ಗಂಟು ಎಣಿಸಿ. ಮೊದಲ ಸಾಲಿನಲ್ಲಿ 396, ನಡುವೆ 396, ಕೊನೆಯಲ್ಲಿ 396, ಒಟ್ಟು 1,188. ಒಂದೇ ದೊಡ್ಡ ಹಾಸುಹೊಕ್ಕಾದರೆ 1,296. ಉಳಿತಾಯ ಇಷ್ಟೇನಾ ಎನ್ನಬೇಡಿ. ಹತ್ತು ಸಾವಿರ ಜನಕ್ಕೆ ಒಂದೇ ಹಾಸುಹೊಕ್ಕಿನಲ್ಲಿ ಹತ್ತು ಕೋಟಿ ಗಂಟು. ಇದೇ ಮೂರು ಸಾಲಿನಲ್ಲಿ 60 ಲಕ್ಷಕ್ಕಿಂತ ಕಡಿಮೆ.

ಆದರೆ 16 ಜನಕ್ಕೆ ಮಾಡಿ ನೋಡಿ. ಒಂದೇ ಹಾಸುಹೊಕ್ಕಿಗೆ 256, ಮೂರು ಸಾಲಿಗೆ 336! ಚಿಕ್ಕ ಗುಂಪಿಗೆ ಈ ಉಪಾಯ ನಷ್ಟ. ಮತ್ತೆ ಅದೇ ಕತೆ. ಬುದ್ಧಿವಂತಿಕೆಯೂ ದೊಡ್ಡವರ ಕಡೆಗೇ ವಾಲಿತು.

ನೀರಿನ ಪಾಳಿ

ಹಳ್ಳಿಗೆ ಅನುಕೂಲವಾದದ್ದು ಗಂಟುಗಳನ್ನೇ ಬಿಟ್ಟುಕೊಟ್ಟ ದಾರಿ. ಕಾಲುವೆ ನೀರಿನ ಪಾಳಿ ಗೊತ್ತಲ್ಲ? ಒಂದೇ ಕಾಲುವೆ, ಸರದಿಯಂತೆ ಒಬ್ಬೊಬ್ಬರ ಗದ್ದೆಗೆ ತಿರುಗಿಸುತ್ತಾರೆ. ಡಿಜಿಟಲ್ ಎಕ್ಸ್‌ಚೇಂಜ್ ಮಾಡುವುದು ಅದನ್ನೇ. ಪ್ರತಿಯೊಬ್ಬರ ದನಿಯನ್ನು ಸೆಕೆಂಡಿಗೆ 8,000 ಸಲ ಅಳೆದು ಅಂಕಿ ಮಾಡುತ್ತಾರೆ. ಎರಡು ಅಳತೆಗಳ ನಡುವಿನ ಆ ಚೂರು ಹೊತ್ತಿನಲ್ಲಿ ಬೇರೆಯವರ ಅಂಕಿಗಳು ಅದೇ ತಂತಿಯಲ್ಲಿ ಸರದಿಯಂತೆ ಹಾದುಹೋಗುತ್ತವೆ. ಹೋಗಲು ಒಂದು ಜೋಡಿ, ಬರಲು ಒಂದು ಜೋಡಿ ತಂತಿ ಇದ್ದರೆ 30 ಮಾತುಕತೆ ಹಿಡಿಸುತ್ತವೆ. ಇಬ್ಬರನ್ನು ಜೋಡಿಸಲು ಗಂಟು ಬೇಡ, ಅವರ ಪಾಳಿ ಅದಲುಬದಲು ಮಾಡಿದರೆ ಸಾಕು. ಹೊಸಬರು ಸೇರಿದರೆ ಇನ್ನೊಂದು ಪಾಳಿ, ಅಷ್ಟೇ. ನಾಲ್ಕು ಪಟ್ಟಿನ ಶಾಪ ಇಲ್ಲಿ ಸಡಿಲವಾಯಿತು.

ಟಿವಿ ಸ್ಟುಡಿಯೋ, ಕ್ರಿಕೆಟ್ ಮೈದಾನಗಳಲ್ಲಿ ಕ್ಯಾಮೆರಾದವರು, ನಿರ್ದೇಶಕರು ಕಿವಿಗೆ ಹಾಕಿಕೊಂಡು ಮಾತಾಡುವ ಇಂಟರ್‌ಕಾಮ್ ಕೂಡ ಇದೇ ಹಾದಿಯಲ್ಲಿ ಬಂತು. ಮೊದಲು ಎಲ್ಲರಿಗೂ ಒಂದೇ ತಂತಿ, ಆಮೇಲೆ ಮ್ಯಾಟ್ರಿಕ್ಸ್, ಆಮೇಲೆ ಪಾಳಿ. ಆದರೆ ಅಲ್ಲಿ ಒಂದು ತೊಡಕು ಉಳಿದಿದೆ. ನೂರು ಜನರಿದ್ದರೆ ಯಾರ ದನಿ ಯಾರಿಗೆ ಕೇಳಬೇಕು ಎಂಬ ಪಟ್ಟಿಯಲ್ಲಿ ಈಗಲೂ ಹತ್ತು ಸಾವಿರ ಮನೆಗಳಿವೆ. ತಂತಿಯ ಕೆಲಸ ಯಂತ್ರ ಮಾಡಿತು, ತೀರ್ಮಾನದ ಕೆಲಸ ಮನುಷ್ಯರಿಗೇ ಉಳಿಯಿತು.

ಕಿತ್ತೂರಿನ ಪೆಟ್ಟಿಗೆ

ಡಿಜಿಟಲ್ ಬಂದ ತಕ್ಷಣ ಹಳ್ಳಿಗೆ ಫೋನು ಬರಲಿಲ್ಲ. ಹೊರದೇಶದ ಎಕ್ಸ್‌ಚೇಂಜ್‌ಗಳು ಸಾವಿರಾರು ಲೈನುಗಳ ಪಟ್ಟಣಕ್ಕೆಂದು ಮಾಡಿದವು. ಅವಕ್ಕೆ ಏಸಿ ಕೋಣೆ ಬೇಕು. ಕರೆಂಟೇ ನಿಲ್ಲದ ಊರಿನಲ್ಲಿ ಏಸಿ ಎಲ್ಲಿಂದ ತರುವುದು?

ಇನ್ನೊಂದು ತೊಡಕು ನಮ್ಮ ಪಿ.ಪಿ. ನಂಬರಿನಲ್ಲೇ ಇತ್ತು. ಮನೆಗೊಂದು ಫೋನಿದ್ದ ದೇಶದಲ್ಲಿ ಒಂದು ಫೋನು ಗಂಟೆಗೆ ಕೆಲವು ನಿಮಿಷ ಮಾತ್ರ ಮಾತಾಡುತ್ತದೆ. ನಮ್ಮಲ್ಲಿ ಒಂದು ಫೋನಿಗೆ ಇಡೀ ಓಣಿ. ಆ ನೂರು ಫೋನುಗಳು ಮೂರು ನಿಮಿಷದ ಬದಲು ಹದಿನೈದು ನಿಮಿಷ ಮಾತಾಡಿದರೆ, ಎರ್ಲಾಂಗ್ ಲೆಕ್ಕದಲ್ಲಿ 11 ಲೈನು ಸಾಲದು, 36 ಬೇಕು. ಫೋನು ಕಡಿಮೆ ಇದ್ದದ್ದರಿಂದಲೇ ಪ್ರತಿ ಫೋನಿನ ಮೇಲೆ ಭಾರ ಹೆಚ್ಚು.

1984ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ಸಿ-ಡಾಟ್ ಎಂಬ ಸಂಸ್ಥೆ ಕಟ್ಟಿತು. ಅದರ ಹಿಂದೆ ಸ್ಯಾಮ್ ಪಿತ್ರೋಡಾ ಇದ್ದರು. ಕೊಟ್ಟ ಗಡುವು 36 ತಿಂಗಳು, ಹಣ 36 ಕೋಟಿ ರೂಪಾಯಿ. ದೆಹಲಿ ಮತ್ತು ಬೆಂಗಳೂರಿನಲ್ಲಿ ಕುಳಿತ ಎಳೆಯ ಇಂಜಿನಿಯರ್‌ಗಳು ಪ್ರಶ್ನೆಯನ್ನು ತಿರುಗಿಸಿ ಹಾಕಿದರು. ಎಷ್ಟು ದೊಡ್ಡದು ಮಾಡಬಹುದು ಎಂದಲ್ಲ, ಎಷ್ಟು ಚಿಕ್ಕದು ಮಾಡಿದರೂ ನಡೆಯುತ್ತದೆ ಎಂದು.

ಉತ್ತರ ಒಂದು ಬೀರುವಿನಂಥ ಪೆಟ್ಟಿಗೆ. 128 ತುದಿಗಳ ಗ್ರಾಮೀಣ ಎಕ್ಸ್‌ಚೇಂಜ್, ಅವರ ಬಾಯಲ್ಲಿ ‘ರ‍್ಯಾಕ್ಸ್’. ಏಸಿ ಬೇಡ, ಧೂಳು ಸೆಕೆಗೆ ತಡೆಯುತ್ತದೆ, ಬ್ಯಾಟರಿಯ ಮೇಲೆ ನಡೆಯುತ್ತದೆ. ಕೆಟ್ಟರೆ ಕೆಟ್ಟ ಕಾರ್ಡನ್ನು ಎಳೆದು ಇನ್ನೊಂದನ್ನು ಸಿಕ್ಕಿಸಿದರಾಯಿತು. ಅದರ ಮೊದಲನೆಯದನ್ನು 1986ರ ಜುಲೈನಲ್ಲಿ ಕಿತ್ತೂರಿನಲ್ಲಿ ಕೆಲಸಕ್ಕೆ ಇಟ್ಟರು. ರಾಣಿ ಚೆನ್ನಮ್ಮನ ಕಿತ್ತೂರು ಅದು. ಮುಂದೆ ಇಂಥ ಸಾವಿರಾರು ಪೆಟ್ಟಿಗೆಗಳು ದೇಶದ ಹಳ್ಳಿಗಳಿಗೆ ಹೋದವು. ಅವುಗಳ ಬೆನ್ನಿಗೇ ಎಸ್‌ಟಿಡಿ ಬೂತಿನ ಹಳದಿ ಬೋರ್ಡುಗಳು ಹಳ್ಳಿಯ ಬಸ್ ನಿಲ್ದಾಣದವರೆಗೂ ಬಂದವು.

ಈಗ ಆ ಪೆಟ್ಟಿಗೆಗಳ ಕಾಲ ಮುಗಿದಿದೆ. ಎಲ್ಲರ ಕೈಯಲ್ಲೂ ಮೊಬೈಲ್ ಇದೆ, ನೀವು ಇದನ್ನು ಓದುತ್ತಿರುವುದೂ ಅದರಲ್ಲೇ. ಲೆಕ್ಕ ಮಾತ್ರ ಅದೇ. ಟವರ್ ಕೂಡ ಎರ್ಲಾಂಗನ ನಂಬಿಕೆಯ ಮೇಲೆಯೇ ನಿಂತಿದೆ: ಎಲ್ಲರೂ ಒಟ್ಟಿಗೆ ಮಾತಾಡುವುದಿಲ್ಲ ಎಂದು. ಜಾತ್ರೆಯ ದಿನ ನೆಟ್‌ವರ್ಕ್ ಕೈಕೊಡುವುದು ಅದಕ್ಕೇ. ಹೊಳೆ ಉಕ್ಕಿದ ರಾತ್ರಿ ಎಲ್ಲರೂ ಒಟ್ಟಿಗೆ ಫೋನ್ ಮಾಡುತ್ತಾರೆ, ಆಗಲೇ ಲೈನು ಸಿಗುವುದಿಲ್ಲ. ಅಂಥ ಹೊತ್ತಿನಲ್ಲಿ ಸುರಕ್ಷಿತವಾಗಿದ್ದವರು ಒಂದು ಮೆಸೇಜ್ ಹಾಕಿ ಸುಮ್ಮನಾದರೆ, ನೀರಿನ ನಡುವೆ ಸಿಕ್ಕಿಕೊಂಡವರಿಗೆ ಒಂದು ಪಾಳಿ ಉಳಿಯುತ್ತದೆ.

ನಮ್ಮ ಕಡೆಯ ಎಷ್ಟೋ ಊರಿನವರು ಇವತ್ತಿಗೂ ಸಿಗ್ನಲ್‌ಗಾಗಿ ಗುಡ್ಡ ಹತ್ತುತ್ತಾರೆ. ಟವರ್ ಕೇಳಿದರೆ ‘ಅಲ್ಲಿ ಜನ ಕಡಿಮೆ, ಲೆಕ್ಕ ಹೊಂದುವುದಿಲ್ಲ’ ಎಂಬ ಉತ್ತರ ಬರುತ್ತದೆ. ಆ ಲೆಕ್ಕ ಸುಳ್ಳೆಂದು ನಾವು ಹೇಳುವುದಿಲ್ಲ. ನೂರು ಫೋನಿಗೆ 11 ಲೈನು ಎಂಬುದು 1986ರಲ್ಲೂ ನಿಜವೇ ಆಗಿತ್ತು. ಆದರೂ ಯಾರೋ ಕೆಲವರು ಕುಳಿತು ಆ ಲೆಕ್ಕಕ್ಕೆ ತಕ್ಕ ಪೆಟ್ಟಿಗೆ ಮಾಡಿದರು, ಅದು ಕಿತ್ತೂರಿಗೆ ಬಂತು. ಮುಂದಿನ ಸಲ ಗ್ರಾಮಸಭೆಯಲ್ಲಿ ಯಾರಾದರೂ ಲೆಕ್ಕ ಹೊಂದುವುದಿಲ್ಲ ಎಂದರೆ, ಈ ಪೆಟ್ಟಿಗೆಯ ಕತೆಯನ್ನು ಅವರಿಗೂ ಒಮ್ಮೆ ಹೇಳಿ.